ಓರಗಿತ್ತಿಯ ಸ್ಕ್ರೀನು

ಚಿಕ್ಕವಳು ಕಾರಿನ ಬಾಗಿಲು ಹಾಕಿದ್ದು ಕೇಳಿಸಲೇ ಇಲ್ಲ. ಅಷ್ಟು ಮೆತ್ತಗೆ ಹಾಕುತ್ತಾಳೆ. ದೊಡ್ಡವಳ ಬೆಳಗಿನ ಮೊದಲ ಕಿರಿಕಿರಿ ಅಲ್ಲಿಂದಲೇ ಶುರುವಾಯಿತು. ಬಾಗಿಲನ್ನು ಧಡ್ ಎಂದು ಬಡಿಯುವವರನ್ನು ಬೈಯಬಹುದು, ಮೆತ್ತಗೆ ಹಾಕುವವರನ್ನು ಏನೆಂದು ಬೈಯುವುದು? ತನ್ನ ಕಡೆಯ ಬಾಗಿಲನ್ನು ಎಳೆದುಕೊಂಡಳು, ಅದು ಎಂದಿಗಿಂತ ಜೋರಾಗಿ ಬಡಿದುಕೊಂಡಿತು, ಚಿಕ್ಕವಳು ಬೆಚ್ಚಲೂ ಇಲ್ಲ. ಇಬ್ಬರ ಊಟದ ಡಬ್ಬಿಗಳಿದ್ದ ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು “ಹೊರಡೋಣ ಅಕ್ಕ” ಎಂದಳು. ಡಬ್ಬಿ ಕಟ್ಟಿದ್ದೂ ಅವಳೇ. ದೊಡ್ಡವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಟ್ಟಿ, ಒಲೆ ಒರೆಸಿ, ಅತ್ತೆಯ ಮಾತ್ರೆಯನ್ನೂ ಎತ್ತಿಟ್ಟಿದ್ದಳು. ಇವತ್ತಾದರೂ ಕಟ್ಟದೆ ಇರಬಹುದಿತ್ತು. ಇವತ್ತು ಆಫೀಸಿನಲ್ಲಿ ಇಬ್ಬರೂ ಮಾಡಿದ ಸ್ಕ್ರೀನುಗಳು ಎದುರಾಬದುರು ನಿಲ್ಲುವ ದಿನ, ಒಬ್ಬರದು ಗೆದ್ದು ಇನ್ನೊಬ್ಬರದು ಕಸದ ಬುಟ್ಟಿ ಸೇರುವ ದಿನ. ಅಂಥ ದಿನವೂ ಎದುರಾಳಿಯ ಕೈಯಡುಗೆಯನ್ನೇ ತಿನ್ನಬೇಕಾದ ಗತಿ ಯಾವ ಶತ್ರುವಿಗೂ ಬೇಡ ಎಂದುಕೊಂಡು ದೊಡ್ಡವಳು ಗೇರು ಹಾಕಿದಳು.

ದೊಡ್ಡವಳು, ಚಿಕ್ಕವಳು ಎನ್ನುವುದು ಅತ್ತೆ ಇಬ್ಬರು ಸೊಸೆಯರಿಗೂ ಇಟ್ಟುಕೊಂಡ ಹೆಸರು. ಅಣ್ಣನ ಹೆಂಡತಿ ಮಹಡಿಯ ಮೇಲೆ, ತಮ್ಮನ ಹೆಂಡತಿ ಕೆಳಗೆ, ಅಡುಗೆಮನೆ ಮಾತ್ರ ಒಂದೇ. ಆಫೀಸೂ ಒಂದೇ ಆದದ್ದು ದೊಡ್ಡವಳು ತಾನಾಗಿ ಮೈಮೇಲೆ ಎಳೆದುಕೊಂಡದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕವಳಿಗೆ ಕೆಲಸವಿರಲಿಲ್ಲ. “ನಮ್ಮ ಡಿಸೈನ್ ಟೀಮಲ್ಲಿ ಒಂದು ಜಾಗ ಇದೆ, ನಾನು ಹೇಳಿದ್ರೆ ಆಗುತ್ತೆ” ಎಂದು ಊಟದ ಮೇಜಿನಲ್ಲಿ ಎಲ್ಲರ ಎದುರು ಹೇಳಿದಾಗ ಬಾಯಿಗೆ ಎಷ್ಟು ರುಚಿಯಾಗಿತ್ತು! ನಾನು ಹೇಳಿದ್ರೆ ಆಗುತ್ತೆ. ಆಯಿತು. ಮೊದಲ ದಿನವೇ ಚಿಕ್ಕವಳು ಎಲ್ಲರ ಮುಂದೆ “ಅಕ್ಕ, ಪ್ರಿಂಟರ್ ಎಲ್ಲಿದೆ?” ಎಂದು ಕೇಳಿದಳು. ವಾರ ಕಳೆಯುವುದರೊಳಗೆ ಇಡೀ ಆಫೀಸಿಗೆ ದೊಡ್ಡವಳು ಅಕ್ಕನಾದಳು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವರು, ಮೀಟಿಂಗಿನಲ್ಲಿ ಅವಳು ಬಾಯಿ ತೆರೆದರೆ ಪೆನ್ನು ಕೆಳಗಿಡುತ್ತಿದ್ದವರು, ಈಗ “ಅಕ್ಕ ಬಿಡಿ, ಅವರಿಗೆ ಹಳೇದೇ ಇಷ್ಟ” ಎಂದು ಮುದ್ದಾಗಿ ನಗುತ್ತಿದ್ದರು. ಮೇಡಮ್ಮಿನ ಮಾತಿಗೆ ಎದುರಾಡುವುದು ಕಷ್ಟ, ಅಕ್ಕನ ಮಾತನ್ನು ಯಾರು ಬೇಕಾದರೂ ತೆಗೆದುಹಾಕಬಹುದು. ಇದನ್ನು ಚಿಕ್ಕವಳು ಬೇಕೆಂದೇ ಮಾಡಿದಳೇ? ಇಲ್ಲ, ಪ್ರೀತಿಯಿಂದಲೇ ಮಾಡಿದ್ದು. ಪ್ರೀತಿಯಿಂದ ಮಾಡಿದ್ದಕ್ಕೆ ದೂರು ಕೊಡುವ ಜಾಗ ಯಾವ ಆಫೀಸಿನಲ್ಲೂ ಇಲ್ಲ.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಚಿಕ್ಕವಳು ಫೋನು ನೋಡುತ್ತಾ ತನ್ನಷ್ಟಕ್ಕೆ ನಕ್ಕಳು. “ಏನು?” ಎಂದು ದೊಡ್ಡವಳು ಕೇಳಿದಳು. “ಏನಿಲ್ಲ, ಅತ್ತೆ ಒಂದು ಮೆಸೇಜ್ ಹಾಕಿದಾರೆ, ಇಬ್ಬರೂ ಗೆಲ್ಲಿ ಅಂತ.” ತನಗೆ ಯಾಕೆ ಹಾಕಲಿಲ್ಲ? ಹಾಕುವುದಿಲ್ಲ, ಅತ್ತೆಯ ಫೋನಿನಲ್ಲಿ ಎಲ್ಲಕ್ಕಿಂತ ಮೇಲಿರುವುದು ಚಿಕ್ಕವಳ ಹೆಸರು, ಅದನ್ನು ಮೇಲಿಟ್ಟವಳೂ ಚಿಕ್ಕವಳೇ. ಬಂದ ತಿಂಗಳಲ್ಲೇ ಅತ್ತೆಯ ಪಕ್ಕ ಕೂತು ಅಕ್ಷರಗಳನ್ನು ದಪ್ಪ ಮಾಡಿ, ಬೇಡದ್ದನ್ನೆಲ್ಲ ಒಳಗೆ ತಳ್ಳಿ, ಬೇಕಾದ ನಾಲ್ಕನ್ನು ಮಾತ್ರ ಎದುರಿಗಿಟ್ಟಿದ್ದಳು. ಅಂದಿನಿಂದ ಮನೆಗೆ ಯಾರು ಬಂದರೂ ಅತ್ತೆಗೆ ಅದೇ ಕಥೆ. “ಚಿಕ್ಕವಳು ಬಂದ ಮೇಲೆ ಫೋನು ನನ್ನ ಮಾತು ಕೇಳುತ್ತೆ ಕಣ್ರೀ.” ಹದಿನೈದು ವರ್ಷದಿಂದ ಸಾವಿರಾರು ಜನರ ಕಣ್ಣಿಗೆ, ಬೆರಳಿಗೆ ಯಾವುದು ಸುಲಭ ಎಂದು ಯೋಚಿಸಿ ಸಂಬಳ ತೆಗೆದುಕೊಂಡ ಹಿರಿ ಸೊಸೆಗೆ, ಅತ್ತೆ ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದುದು ದಿನಾ ಕಾಣುತ್ತಿತ್ತು. ಕಂಡಿತ್ತು, ತಲೆಗೆ ಹೋಗಿರಲಿಲ್ಲ. ಹಿಂದಿನ ಕಾರಿನವನು ಹಾರ್ನು ಬಾರಿಸಿದ, ದೀಪ ಹಸಿರಾಗಿ ಎಷ್ಟು ಹೊತ್ತಾಗಿತ್ತೋ.

ಅವರ ಕಂಪನಿ ಮಾಡುವುದು ಆಸ್ಪತ್ರೆಗಳಲ್ಲಿ ಡ್ಯೂಟಿ ಹಂಚುವ ಸಾಫ್ಟ್‌ವೇರು. ಯಾವ ನರ್ಸು ಯಾವ ವಾರ್ಡಿಗೆ, ಯಾರಿಗೆ ರಾತ್ರಿ ಪಾಳಿ, ಯಾರಿಗೆ ರಜೆ, ನಿನ್ನೆ ರಾತ್ರಿ ದುಡಿದವರು ಇವತ್ತು ಮತ್ತೆ ಸಿಕ್ಕಿಬೀಳದಂತೆ ಹೇಗೆ ನೋಡಿಕೊಳ್ಳುವುದು, ಇದನ್ನೆಲ್ಲ ಎಲ್ಲೋ ದೂರದ ಕ್ಲೌಡಿನ ಯಂತ್ರಗಳು ಲೆಕ್ಕ ಹಾಕುತ್ತವೆ. ನರ್ಸುಗಳ ಮೇಲ್ವಿಚಾರಕಿಯಾದ ಮೇಟ್ರನ್ ತನ್ನ ಮೇಜಿನಲ್ಲಿ ಒಂದು ಗುಂಡಿ ಒತ್ತುತ್ತಾಳೆ, ಮುಂದಿನ ವಾರದ ಚಾರ್ಟು ಬರುತ್ತದೆ. ಆ ಗುಂಡಿ ಹೇಗಿರಬೇಕು, ಚಾರ್ಟು ಹೇಗಿರಬೇಕು, ಎರಡರ ನಡುವೆ ಕಾಯುವಾಗ ಎದುರಿಗೆ ಏನು ಕಾಣಬೇಕು ಎಂಬುದನ್ನು ವರ್ಷಗಳ ಹಿಂದೆ ನಿರ್ಧರಿಸಿದವಳು ದೊಡ್ಡವಳು. ಕಾಯುವ ಹೊತ್ತಿಗೆ ಅವಳು ಒಂದು ಚಕ್ರ ಬರೆದಿದ್ದಳು, ತಿಳಿನೀಲಿ, ತುದಿಯಲ್ಲಿ ಸಣ್ಣಗಾಗುತ್ತಾ ಹೋಗುವಂಥದ್ದು. ಆಗ ಇದ್ದ ಅತಿ ದೊಡ್ಡ ಗಿರಾಕಿ ಎಂದರೆ ನಾನೂರು ನರ್ಸುಗಳ ಆಸ್ಪತ್ರೆ. ಚಕ್ರ ಒಂದು ಸುತ್ತು ಮುಗಿಸುವ ಮೊದಲೇ ಚಾರ್ಟು ಬಂದು ನಿಲ್ಲುತ್ತಿತ್ತು, ಎಲ್ಲರೂ ಚಂದ ಅಂದಿದ್ದರು. ಆಮೇಲೆ ಆಸ್ಪತ್ರೆಗಳು ದೊಡ್ಡವಾದವು, ಹತ್ತಾರು ಸೇರಿ ಒಂದಾದವು, ಚಕ್ರ ಸುತ್ತುತ್ತಲೇ ಉಳಿಯಿತು. ಮೂರು ತಿಂಗಳ ಹಿಂದಿನ ಮೀಟಿಂಗಿನಲ್ಲಿ ಚಿಕ್ಕವಳು ಒಂದು ವಿಡಿಯೊ ಹಾಕಿ ತೋರಿಸಿದಳು. ಒಬ್ಬ ಮೇಟ್ರನ್ ಗುಂಡಿ ಒತ್ತಿ, ಚೀಲದಿಂದ ಕಿತ್ತಳೆ ಹಣ್ಣು ತೆಗೆದು, ಸಿಪ್ಪೆ ಸುಲಿದು, ಒಂದೊಂದೇ ತೊಳೆ ಬಿಡಿಸಿ ತಿಂದು, ಕೈ ಒರೆಸಿಕೊಂಡು ನೋಡುತ್ತಾಳೆ, ಚಕ್ರ ಇನ್ನೂ ಸುತ್ತುತ್ತಿದೆ. ಕೋಣೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡವಳೂ ನಕ್ಕಳು, ನಗದಿದ್ದರೆ ಚಕ್ರ ಯಾರದ್ದೆಂದು ಗೊತ್ತಿಲ್ಲದವರಿಗೂ ಗೊತ್ತಾಗುತ್ತಿತ್ತು. ಚಿಕ್ಕವಳು ಮಾತ್ರ ನಕ್ಕಿರಲಿಲ್ಲ. ದೀಪ ಹಾಕಿದ ಮೇಲೆ “ಇದು ಡಿಸೈನ್ ತಪ್ಪಲ್ಲ, ಆವಾಗ ಇಷ್ಟು ಜನ ಇರಲಿಲ್ಲ” ಎಂದು ಪರವಹಿಸಿ ಮಾತಾಡಿದಳು. ನಗುವಿಗಿಂತ ಅದೇ ಹೆಚ್ಚು ಉರಿಸಿತು.

ಈಗ ಬಂದಿರುವ ಗಿರಾಕಿಗೆ ಅರವತ್ತು ಸಾವಿರ ಜನ. ಹಳೆಯ ಸ್ಕ್ರೀನು ಅವರ ಕೈಗೆ ಹೋದರೆ ಮುಗಿದೇ ಹೋಯಿತು. ಡಿಸೈನ್ ವಿಭಾಗದ ಮುಖ್ಯಸ್ಥರು, ಎಲ್ಲವನ್ನೂ ಸೆಕೆಂಡಿನ ಲೆಕ್ಕದಲ್ಲಿ ಅಳೆಯುವುದರಿಂದ ಎಲ್ಲರ ಬಾಯಲ್ಲಿ ‘ಗಡಿಯಾರ’, ಇಬ್ಬರಿಗೂ ಒಂದೊಂದು ಹೊಸ ಸ್ಕ್ರೀನು ಮಾಡಲು ಹೇಳಿದ್ದರು. ನಿಜವಾದ ಮೇಟ್ರನ್‌ಗಳನ್ನು ಕರೆಸಿ, ಯಾರದ್ದು ಯಾವುದು ಎಂದು ಹೇಳದೆ ಎರಡನ್ನೂ ಕೊಟ್ಟು ನೋಡುವುದು. ಗೆದ್ದವರು ಈ ಗಿರಾಕಿಯ ಇಡೀ ಕೆಲಸಕ್ಕೆ ಲೀಡ್, ಇನ್ನೊಬ್ಬರು ಅವರ ಕೈಕೆಳಗೆ. ಗಡಿಯಾರ ಇದನ್ನು ಬಹಳ ಸಹಜವಾಗಿ ಹೇಳಿಬಿಟ್ಟರು, ಅವರ ಮನೆಯಲ್ಲಿ ಅವರಿಗೆ ಓರಗಿತ್ತಿ ಇರಲಿಲ್ಲವಲ್ಲ. ದೊಡ್ಡವಳು ಎರಡು ತಿಂಗಳು ಹಲ್ಲು ಕಚ್ಚಿಕೊಂಡು ದುಡಿದಳು. ಚಕ್ರದ ಹೆಸರೇ ಎತ್ತದ ಹಾಗೆ, ಎಲ್ಲ ಲೆಕ್ಕವನ್ನೂ ಮೊದಲೇ ಮಾಡಿಟ್ಟುಕೊಂಡು, ಬೆರಳು ಗುಂಡಿಯಿಂದ ಮೇಲೇಳುವ ಮೊದಲೇ ಚಾರ್ಟು ಎದುರಿಗೆ ನಿಲ್ಲುವಂತೆ ಮಾಡಿದಳು. ಇನ್ನು ಯಾರೂ ಕಿತ್ತಳೆ ಸುಲಿಯುವಂತಿಲ್ಲ. ಚಿಕ್ಕವಳದು ಬೇರೆ ದಾರಿ, ವಾರ್ಡು ವಾರ್ಡಾಗಿ ಚಾರ್ಟು ತುಂಬುತ್ತದೆ, ಆಗ ಯಾವುದನ್ನು ನೋಡುತ್ತಿದೆಯೋ ಅದರ ಹೆಸರು ಮೇಲೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅದೂ ವೇಗವಾಗಿಯೇ ಇತ್ತು. ಎಷ್ಟು ವೇಗವೆಂದರೆ ಆ ಸಾಲಿನಲ್ಲಿ ಏನು ಬಂದು ಹೋಯಿತೆಂದು ಓದಲೂ ಆಗುತ್ತಿರಲಿಲ್ಲ, ಬರೀ ಮಿಣುಕಿದ ಹಾಗೆ ಕಾಣುತ್ತಿತ್ತು. ಹಾಗಿದ್ದರೂ ಅದನ್ನು ಮೊದಲ ಸಲ ನೋಡಿದಾಗ ದೊಡ್ಡವಳು ತನ್ನದನ್ನು ಮತ್ತೊಮ್ಮೆ ತೆರೆದು ನೋಡಿಕೊಂಡಿದ್ದಳು. ಚಿಕ್ಕವಳದರಲ್ಲಿ ಒಂದು ಸರಾಗತೆ ಇತ್ತು, ಕಷ್ಟಪಟ್ಟ ಗುರುತೇ ಇರಲಿಲ್ಲ.

ಪರೀಕ್ಷೆಯ ಕೋಣೆಯನ್ನು ಸಜ್ಜು ಮಾಡುವುದು ಹಿರಿಯಳಾದ ದೊಡ್ಡವಳ ಕೆಲಸ. ಕಿಟಕಿಯಿಲ್ಲದ ಸಣ್ಣ ಕೋಣೆ, ಒಂದು ಮೇಜು, ಎರಡು ಕುರ್ಚಿ, ಗೋಡೆಯಲ್ಲಿ ಒಂದು ಕಡೆಯಿಂದ ಮಾತ್ರ ಕಾಣುವ ಗಾಜು. ಆಚೆ ಕತ್ತಲಲ್ಲಿ ಕೂತವರು ಈಚೆ ಇರುವವರನ್ನು ನೋಡಬಹುದು. ಚಿಕ್ಕವಳು ಕಾಫಿ ತರುತ್ತೇನೆಂದು ಹೋಗಿದ್ದಳು. ಕಂಪ್ಯೂಟರಿನಲ್ಲಿ ಪರೀಕ್ಷೆಯ ಸೆಟ್ಟಿಂಗುಗಳನ್ನು ತೆರೆದಾಗ ಎರಡು ಸ್ಕ್ರೀನುಗಳ ಹೆಸರಿನ ಮುಂದೆಯೂ ‘ತಡ’ ಎಂಬ ಒಂದೊಂದು ಗೆರೆ, ಗೆರೆಯ ಮೇಲೆ ಸರಿಸಬಹುದಾದ ಒಂದೊಂದು ಚುಕ್ಕೆ. ಕೆಲವು ಆಸ್ಪತ್ರೆಗಳ ನೆಲಮಾಳಿಗೆಯಲ್ಲಿ ನೆಟ್ಟು ಎಳೆಯುತ್ತದೆ, ಅಲ್ಲಿ ಹೇಗಿರುತ್ತದೆಂದು ನೋಡಲು ಇಟ್ಟುಕೊಂಡ ಸೌಲಭ್ಯ, ಚುಕ್ಕೆ ಬಲಕ್ಕೆ ಹೋದಷ್ಟೂ ಸ್ಕ್ರೀನು ನಿಧಾನ. ಇವತ್ತು ಎರಡಕ್ಕೂ ಸೊನ್ನೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ದೊಡ್ಡವಳು ಎರಡೂ ಸೊನ್ನೆಯಲ್ಲಿವೆಯೇ ಎಂದು ನೋಡಿದಳು. ಇದ್ದವು. ಅಲ್ಲಿಗೆ ಸೆಟ್ಟಿಂಗು ಮುಚ್ಚಬೇಕಾಗಿತ್ತು. ಬೆಳಿಗ್ಗೆ ಚಿಕ್ಕವಳು ಅತ್ತೆಯ ತಲೆಗೂದಲಿನ ಸಿಕ್ಕು ಬಿಡಿಸುತ್ತಿದ್ದದ್ದು ಯಾಕೋ ನೆನಪಿಗೆ ಬಂತು, ಕಣ್ಣು ಮುಚ್ಚಿಕೊಂಡು ಕೂತಿದ್ದ ಅತ್ತೆಯ ಮುಖ, ತಾನು ಬಂದಾಗ ಆ ಕಣ್ಣು ತೆರೆದು “ಓ ನೀನಾ” ಎಂದು ಮತ್ತೆ ಮುಚ್ಚಿಕೊಂಡದ್ದು. ಕೈ ಚಿಕ್ಕವಳ ಚುಕ್ಕೆಯನ್ನು ಬಲಕ್ಕೆ ಸರಿಸಿತು. ಹಿಂದಕ್ಕೆ ತಂದಳು. ಛೆ, ನಾನೇನು ಮಾಡುತ್ತಿದ್ದೇನೆ ಎಂದು ತನಗೇ ಹೇಳಿಕೊಂಡಳು, ಹೇಳಿಕೊಳ್ಳುತ್ತಲೇ ಮತ್ತೆ ಸರಿಸಿದಳು, ಈ ಸಲ ಇನ್ನೂ ಸ್ವಲ್ಪ ಮುಂದಕ್ಕೆ. ಮೊದಲನೆಯ ಮೇಟ್ರನ್ ಮುಗಿಸಿದ ಕೂಡಲೇ ತೆಗೆದುಬಿಟ್ಟರಾಯಿತು, ಒಬ್ಬರಿಂದ ಏನು ಮಹಾ ಆಗುತ್ತದೆ? ಹೊರಗೆ ಹೆಜ್ಜೆ ಸದ್ದು ಕೇಳಿತು. ಸೆಟ್ಟಿಂಗು ಮುಚ್ಚಿದಳು.

“ನಿಮಗೆ ಸಕ್ಕರೆ ಕಮ್ಮಿ ಹಾಕ್ಸಿದೀನಿ” ಎಂದು ಚಿಕ್ಕವಳು ಲೋಟ ಮುಂದೆ ಹಿಡಿದಳು. ಕಾಫಿ ಸರಿಯಾಗಿಯೇ ಇತ್ತು.

ಗಾಜಿನ ಆಚೆ ಕತ್ತಲಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು, ಹಿಂದೆ ಗಡಿಯಾರ ನಿಂತರು. ಒಳಗೆ ಬಂದ ಮೇಟ್ರನ್ ದಪ್ಪಗಿನ ಹೆಂಗಸು, ಎಲ್ಲವನ್ನೂ ಎಲ್ಲರನ್ನೂ ಒಮ್ಮೆ ಗದರಿಸಿ ಅಭ್ಯಾಸವಾದ ಮುಖ. ಕುರ್ಚಿಯನ್ನು ತನಗೆ ಬೇಕಾದ ಎತ್ತರಕ್ಕೆ ಏರಿಸಿಕೊಂಡು, ಮೊದಲು ದೊಡ್ಡವಳ ಸ್ಕ್ರೀನಿನಲ್ಲಿ ಗುಂಡಿ ಒತ್ತಿದಳು. ಚಾರ್ಟು ಬಂತು. ಎಷ್ಟು ಬೇಗ ಎಂದರೆ ಮೇಟ್ರನ್ ಅದು ಬಂದದ್ದನ್ನು ಗಮನಿಸದೆ ಇನ್ನೊಮ್ಮೆ ಒತ್ತಿದಳು. ದೊಡ್ಡವಳ ಎದೆ ಉಬ್ಬಿತು. ಆಮೇಲೆ ಚಿಕ್ಕವಳದು. ಒತ್ತಿದಳು. ಮೇಲಿನ ಸಾಲಿನಲ್ಲಿ ‘ಹೆರಿಗೆ ವಾರ್ಡು ನೋಡುತ್ತಿದ್ದೇನೆ’ ಎಂದು ಬಂತು, ಬಂದು ನಿಂತಿತು. ಹೋಗಲೇ ಇಲ್ಲ. ಮೇಟ್ರನ್ ಬೆನ್ನು ಹಿಂದಕ್ಕೆ ಒರಗಿಸಿದಳು, ಕೈ ಕಟ್ಟಿದಳು. ‘ನಿನ್ನೆ ರಾತ್ರಿ ಪಾಳಿಯವರನ್ನು ಬಿಡುತ್ತಿದ್ದೇನೆ’. ಮತ್ತೆ ನಿಂತಿತು. ಕತ್ತಲಲ್ಲಿ ಚಿಕ್ಕವಳು ಮುಂದಕ್ಕೆ ಬಾಗಿದಳು. “ಅಕ್ಕ, ಇದು ಯಾಕೋ ಎಳೀತಾ ಇದೆ. ನನ್ನದು ಹೀಗಿರಲಿಲ್ಲ.” ದೊಡ್ಡವಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ. “ನೆಟ್ ಇರಬೇಕು” ಎಂದಳು. ಆ ಎರಡು ಪದ ಎಷ್ಟು ಸಲೀಸಾಗಿ ಬಂದವು! ತನ್ನ ಬಾಯಿ ಇಷ್ಟು ಪಳಗಿದ್ದೆಂದು ಅವಳಿಗೇ ಗೊತ್ತಿರಲಿಲ್ಲ. ಚಿಕ್ಕವಳು ಉಗುರು ಕಚ್ಚತೊಡಗಿದಳು, ಅವಳು ಉಗುರು ಕಚ್ಚುವುದನ್ನು ದೊಡ್ಡವಳು ನೋಡಿದ್ದು ಅದೇ ಮೊದಲು. ನೋಡಿ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ಹೇಸಿಗೆಯಾಯಿತು, ಎರಡರಲ್ಲಿ ಯಾವುದು ದೊಡ್ಡದೆಂದು ತೂಗಿ ನೋಡುವ ಧೈರ್ಯವಾಗಲಿಲ್ಲ. ಚಾರ್ಟು ಕೊನೆಗೂ ತುಂಬಿತು.

“ಯಾವುದು ಒಳ್ಳೇದು ಅನ್ನಿಸ್ತು ನಿಮಗೆ?” ಎಂದು ಗಡಿಯಾರ ಮೈಕಿನಲ್ಲಿ ಕೇಳಿದರು.

“ಎರಡನೇದು” ಎಂದಳು ಮೇಟ್ರನ್. ಕೇಳಿದ್ದೇ ದಡ್ಡತನ ಎನ್ನುವಂತಿತ್ತು ಅವಳ ದನಿ. “ಮೊದಲನೇದು ಒತ್ತಿದ ತಕ್ಷಣ ಎತ್ತಿ ಬಿಸಾಕಿಬಿಡ್ತು. ಅದು ಏನು ನೋಡಿತು? ಯಾರನ್ನ ನೋಡಿತು? ಹೋದ ವಾರದ್ದನ್ನೇ ಬಣ್ಣ ಬಳಿದು ಕೊಟ್ಟಿರುತ್ತೆ, ನನಗೆ ಗೊತ್ತಿಲ್ವಾ! ನಮ್ಮಲ್ಲೂ ಹಾಗೆ ಮಾಡೋರು ಇದಾರೆ. ಎರಡನೇದು ಪಾಪ, ಒಂದೊಂದು ವಾರ್ಡಿಗೂ ಹೋಗಿ ಬಂತು. ರಾತ್ರಿ ದುಡಿದೋರನ್ನ ಬಿಡ್ತೀನಿ ಅಂತು, ರಜೆ ಕೇಳಿದೋರನ್ನ ನೋಡ್ತೀನಿ ಅಂತು. ನಾನೂ ಅದರ ಜೊತೆಗೆ ಓದ್ಕೊಂಡು ಹೋದೆ. ಅದು ಮಾಡಿದ್ದನ್ನ ನಾನು ಇನ್ನೊಂದು ಸಲ ನೋಡೋ ಅಗತ್ಯಾನೇ ಇಲ್ಲ.”

ಹೋದ ವಾರದ್ದಲ್ಲ! ಗಾಜಿಗೆ ಬಡಿದು ಕೂಗಬೇಕೆನಿಸಿತು ದೊಡ್ಡವಳಿಗೆ. ಅರವತ್ತು ಸಾವಿರ ಜನರಲ್ಲಿ ಒಬ್ಬರನ್ನೂ ಬಿಡದೆ ನೋಡಿದೆ, ಈ ಎರಡನೆಯದು ನೋಡಿದ್ದಕ್ಕಿಂತ ಒಂದು ಕೂದಲೂ ಕಡಿಮೆ ನೋಡಿಲ್ಲ, ನೋಡಿ ಮುಗಿಸಿ ನಿಮ್ಮ ದಾರಿ ಕಾಯುತ್ತಾ ನಿಂತಿತ್ತು, ಅದೇ ತಪ್ಪಾಯಿತೇ? ಎರಡನೆಯ ಮೇಟ್ರನ್ ಬಂದಳು. ಮಧ್ಯದ ಬಿಡುವಿನಲ್ಲಿ ಹೋಗಿ ಚುಕ್ಕೆಯನ್ನು ಸೊನ್ನೆಗೆ ತರಬೇಕಿತ್ತು, ಏಳಲಿಲ್ಲ. ಎಲ್ಲರ ಕಣ್ಣೆದುರು ಹೋಗಿ ಸೆಟ್ಟಿಂಗು ತೆರೆದರೆ ಯಾಕೆಂದು ಕೇಳುತ್ತಾರೆ. ಎರಡನೆಯವಳೂ ಅದೇ ಹೇಳಿದಳು, ಮೂರನೆಯವಳೂ. ಒಬ್ಬಳು ಮಾತ್ರ, ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯಳು, ನನಗೆ ಬೇಗ ಬಂದರೆ ಸಾಕು ಎಂದಳು, ಅವಳ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಾನು ಸುರಿದ ವಿಷ ಓರಗಿತ್ತಿಯ ಸ್ಕ್ರೀನಿಗೆ ಗೊಬ್ಬರವಾದದ್ದನ್ನು ದೊಡ್ಡವಳು ಕತ್ತಲಲ್ಲಿ ಕೂತು, ಒಬ್ಬೊಬ್ಬರ ಬಾಯಿಂದ, ಮಧ್ಯಾಹ್ನದವರೆಗೂ ಕೇಳಿದಳು. ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಚೀಲಕ್ಕೆ ಹಾಕಿದಳು. ಚಿಕ್ಕವಳು ಕೋಣೆಯಲ್ಲಿ ಚಾರ್ಜರ್ ಮರೆತಿದ್ದೇನೆಂದು ಹೋದವಳು ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಮೀಟಿಂಗಿನಲ್ಲಿ ಗಡಿಯಾರ ಬಹಳ ಹುರುಪಿನಲ್ಲಿದ್ದರು. ಹತ್ತು ವರ್ಷ ವೇಗ ವೇಗ ಎಂದು ಎಲ್ಲರ ಪ್ರಾಣ ಹಿಂಡಿದ ಮನುಷ್ಯ, ಈಗ ಅದನ್ನೆಲ್ಲ ತಾವು ಹೇಳಿಯೇ ಇಲ್ಲವೆಂಬಂತೆ ಬೋರ್ಡಿನ ಮೇಲೆ ದಪ್ಪಗೆ ‘ನಿಧಾನ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. “ನೋಡಿ, ಇಷ್ಟು ದೊಡ್ಡ ಲೆಕ್ಕ ಅಂದಮೇಲೆ ಅದು ಕೆಲಸ ಮಾಡಿದ್ದು ಜನಕ್ಕೆ ಕಾಣಬೇಕು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದೆ, ಓದೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಕೊಟ್ಟಿದೆ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಇದು ಸುಮ್ಮನೆ ಆಗೋ ಮಾತಲ್ಲ” ಎಂದು ಚಿಕ್ಕವಳ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ದೊಡ್ಡವಳ ಕಿವಿ ಬಿಸಿಯಾಯಿತು. ಅದು ನನ್ನದು. ಈ ಮಾತು ತಲೆಯೊಳಗೆ ಎಷ್ಟು ಜೋರಾಗಿ ಎದ್ದಿತೆಂದರೆ ಅವಳಿಗೇ ಭಯವಾಯಿತು. ಆ ನಿಧಾನ ನನ್ನದು, ಅದನ್ನು ಇಟ್ಟವಳು ನಾನು, ಎಷ್ಟು ಸರಿಸಬೇಕೋ ಅಷ್ಟು ಸರಿಸಿದ್ದು ನನ್ನ ಕೈ! ಗೆದ್ದದ್ದು ತನ್ನ ದುರ್ಬುದ್ಧಿಯೇ ಇರಬಹುದು, ಆದರೂ ತನ್ನದು, ಅದರ ಶ್ರೇಯಸ್ಸನ್ನೂ ಇವಳೇ ಹೊಡೆದುಕೊಂಡು ಹೋಗುತ್ತಾಳಲ್ಲ ಎಂದು ಹೊಟ್ಟೆ ಉರಿಯಿತು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಪದವಿ ಹೋಗುತ್ತದೆ. ಮೇಜಿನ ಅಂಚು ಹಿಡಿದುಕೊಂಡು ಕೂತಳು.

“ಅದು ನನ್ನ ಐಡಿಯಾ ಅಲ್ಲ ಸರ್” ಎಂದಳು ಚಿಕ್ಕವಳು. “ನನ್ನ ಸ್ಕ್ರೀನು ಸುಮ್ಮನೆ ಓಡ್ತಿತ್ತು, ಯಾರಿಗೂ ಏನೂ ಓದೋಕೆ ಆಗ್ತಿರಲಿಲ್ಲ. ಆ ತಡ ಇಟ್ಟಿದ್ದು ಅಕ್ಕ. ಬೆಳಿಗ್ಗೆ ಅವರೇ ಇಟ್ಟರು. ನನಗೆ ಹೇಳಲೂ ಇಲ್ಲ.”

ಮುಗಿಯಿತು ಎಂದುಕೊಂಡಳು ದೊಡ್ಡವಳು. ಆಮೇಲೆ ಯಾರೋ ಚಪ್ಪಾಳೆ ಹೊಡೆದರು. ತನ್ನ ಎದುರಾಳಿಯ ಸ್ಕ್ರೀನನ್ನು ತಾನೇ ತಿದ್ದಿ ಗೆಲ್ಲಿಸಿದ ಅಕ್ಕ! ಇಡೀ ಕೋಣೆ ಅಕ್ಕ, ಅಕ್ಕ ಎಂದಿತು. ಗಡಿಯಾರ ಎದ್ದು ಬಂದು ಕೈ ಕುಲುಕಿದರು. “ಇನ್ನೇನು ಯೋಚನೆ ಮಾಡೋದಿದೆ, ಲೀಡ್ ನೀವೇ. ಸ್ಕ್ರೀನು ಅವಳದು ಇರಲಿ, ಎಲ್ಲಿ ಎಷ್ಟು ತಡೀಬೇಕು ಅನ್ನೋದನ್ನ ನೀವು ನೋಡ್ಕೊಳ್ಳಿ” ಎಂದರು. ದೊಡ್ಡವಳು “ಥ್ಯಾಂಕ್ಸ್” ಎಂದಳು.

ಸಂಜೆ ಕಾರಿನಲ್ಲಿ ದೊಡ್ಡವಳು ಪಕ್ಕದವಳನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಗಾಡಿ ಓಡಿಸಿದಳು. ಇವಳು ಪೆದ್ದಿಯೇ, ದೇವತೆಯೇ? ಪೆದ್ದಿಯಾಗಿದ್ದರೆ ಒಳ್ಳೆಯದಿತ್ತು, ಪೆದ್ದರ ಮೇಲೆ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ದೇವತೆಯಾಗಿದ್ದರೆ ಇವಳೊಂದಿಗೆ ಒಂದೇ ಮನೆಯಲ್ಲಿ ಇರುವುದು ಇನ್ನು ಆಗದ ಮಾತು. ಸೇತುವೆ ಇಳಿಯುವಾಗ ಟ್ರಾಫಿಕ್ಕು ನಿಂತಿತು, ದೊಡ್ಡವಳಿಗೆ ತಡೆಯಲಾಗಲಿಲ್ಲ.

“ಯಾಕೆ ಹಾಗೆ ಹೇಳಿದೆ?”

“ಹೇಗೆ?”

“ನಾನು ಅದನ್ನ ಯಾಕೆ ಇಟ್ಟೆ ಅಂತ ನಿಂಗೆ ಗೊತ್ತು.”

ಚಿಕ್ಕವಳು ಮುಂದಿನ ಬಸ್ಸಿನ ಹಿಂದೀಪಗಳನ್ನು ನೋಡುತ್ತಿದ್ದಳು. “ಗೊತ್ತು” ಎಂದಳು. “ಚಾರ್ಜರ್ ತರೋಕೆ ಹೋದಾಗ ನೋಡಿದೆ. ನಂದಕ್ಕೆ ಮಾತ್ರ ಹಾಕಿದ್ರಿ. ಅಲ್ಲೇ ಕುರ್ಚಿ ಮೇಲೆ ಕೂತುಬಿಟ್ಟೆ ಅಕ್ಕ.”

“ಮತ್ತೆ?”

“ಮತ್ತೇನು ಹೇಳ್ಬೇಕಿತ್ತು? ನಮ್ಮ ಅಕ್ಕ ನನ್ನ ಮುಳುಗಿಸೋಕೆ ನೋಡಿದ್ರು, ನಾನು ತೇಲಿಬಿಟ್ಟೆ ಅಂತಾನಾ? ಅದಾದ ಮೇಲೆ ಸಂಜೆ ಇಬ್ಬರೂ ಬಂದು ಒಂದೇ ಒಲೆ ಮುಂದೆ ನಿಲ್ಲಬೇಕಲ್ಲ. ಭಾವನಿಗೆ ಗೊತ್ತಾಗುತ್ತೆ, ನಮ್ಮನೆಯವರಿಗೆ ಗೊತ್ತಾಗುತ್ತೆ, ಅಣ್ಣ ತಮ್ಮ ಮಾತು ಬಿಡ್ತಾರೆ, ಅತ್ತೆ ಊಟ ಬಿಡ್ತಾರೆ. ಒಂದು ಲೀಡ್ ಪೋಸ್ಟಿಗೆ ಅಷ್ಟೆಲ್ಲ ಯಾರಿಗೆ ಬೇಕು? ನಿಮಗೆ ಅದು ಅಷ್ಟು ಬೇಕಿತ್ತು, ತಗೊಳ್ಳಿ. ನನಗೆ ಮನೆ ಬೇಕು.”

ಪೆದ್ದಿಯೂ ಅಲ್ಲ, ದೇವತೆಯೂ ಅಲ್ಲ. ಲೆಕ್ಕ ಹಾಕಿ, ಯಾವುದನ್ನು ಕೊಟ್ಟು ಯಾವುದನ್ನು ಉಳಿಸಿಕೊಳ್ಳಬೇಕೆಂದು ಮೀಟಿಂಗಿಗೆ ಮೊದಲೇ ತೀರ್ಮಾನಿಸಿದ್ದಾಳೆ. ದೊಡ್ಡವಳಿಗೆ ನಾಚಿಕೆಯಾಗಬೇಕಿತ್ತು, ಆದದ್ದು ಸಿಟ್ಟು. ಈ ಕೆಲಸದಲ್ಲೂ ಇವಳೇ ಜಾಣೆ. ಕ್ಷಮಿಸು ಎಂಬ ಮಾತು ನಾಲಿಗೆಯ ಬುಡದಲ್ಲೇ ಕೂತಿತ್ತು, ಎಷ್ಟು ತಳ್ಳಿದರೂ ಮುಂದೆ ಬರಲಿಲ್ಲ. ಅದರ ಬದಲು ಬೇರೇನೋ ಬಂತು. “ಅಷ್ಟು ದೊಡ್ಡ ಗಿರಾಕಿಗೆ ಎಷ್ಟು ತಡ ಇಟ್ಟರೆ ಸರಿಯಾಗುತ್ತೆ? ನಿಂಗೇನನ್ನಿಸುತ್ತೆ?”

“ನಂಗೇನು ಗೊತ್ತು ಅಕ್ಕ” ಎಂದಳು ಚಿಕ್ಕವಳು. ಮುಖದಲ್ಲಿ ನಗು ಇರಲಿಲ್ಲ. “ನಾಳೆಯಿಂದ ಎಲ್ಲರೂ ನಿಮ್ಮನ್ನೇ ಕೇಳ್ತಾರೆ. ನಾನೂ ನಿಮ್ಮನ್ನೇ ಕೇಳ್ತೀನಿ.”

ಬಸ್ಸು ಮುಂದೆ ಸರಿಯಿತು. ದೊಡ್ಡವಳು ರೇಡಿಯೊ ಹಾಕಿದಳು, ಯಾವುದೋ ಊರಿನಲ್ಲಿ ಟೊಮೆಟೊ ಅಗ್ಗವಾದ ಸುದ್ದಿ ಬಂತು.

ಬಾಗಿಲು ತೆಗೆದವರು ಅತ್ತೆ. “ಏನಾಯ್ತು? ಯಾರದ್ದು ಗೆದ್ದಿತು?” ಎಂದು ಎಂದಿನಂತೆ ಚಿಕ್ಕವಳ ಮುಖ ನೋಡಿಯೇ ಕೇಳಿದರು. ಅವರ ಕೈ ಆಗಲೇ ಅವಳ ಭುಜದ ಕಡೆ ಎದ್ದಿತ್ತು. ಚಿಕ್ಕವಳು ಚಪ್ಪಲಿ ಬಿಡುತ್ತಾ “ಅಕ್ಕನೇ ಇನ್ಮೇಲೆ ಲೀಡು ಅತ್ತೆ. ಅವರು ಮಾಡಿದ್ದೇ ಎಲ್ಲರಿಗೂ ಇಷ್ಟ ಆಯ್ತು” ಎಂದಳು. ಸುಳ್ಳೇನೂ ಇರಲಿಲ್ಲ ಅದರಲ್ಲಿ. ಅತ್ತೆ ಎತ್ತಿದ ಕೈಯನ್ನು ಹಾಗೇ ಹಿಡಿದು, ಒಂದು ಗಳಿಗೆ ಗೊತ್ತಾಗದೆ ನಿಂತು, ದೊಡ್ಡವಳ ಕಡೆ ತಿರುಗಿದರು. “ನಿಜಾನಾ! ನನ್ನ ತಾಯಿ! ನಾನು ಹೇಳ್ತಾನೇ ಇದ್ದೆ, ನಮ್ಮ ದೊಡ್ಡವಳು ಬಾಯಿ ಬಿಟ್ಟು ಹೇಳ್ಕೊಳ್ಳಲ್ಲ ಅಷ್ಟೇ, ತಲೆ ಅಂದ್ರೆ ಅವಳದೇ” ಎಂದು ಎರಡೂ ಅಂಗೈಗಳಲ್ಲಿ ಅವಳ ಮುಖವನ್ನು ಹಿಡಿದುಕೊಂಡರು. ಅವರು ಯಾವತ್ತೂ ಹಾಗೆ ಹೇಳಿರಲಿಲ್ಲ, ಇಷ್ಟು ವರ್ಷದಲ್ಲಿ ಅವಳ ಮುಖವನ್ನು ಮುಟ್ಟಿಯೂ ಇರಲಿಲ್ಲ. ಅಂಗೈಗಳು ಒದ್ದೆಯಾಗಿದ್ದವು, ಸೋಪಿನ ವಾಸನೆ ಬರುತ್ತಿತ್ತು, ಬೆಚ್ಚಗಿದ್ದವು.

ದೊಡ್ಡವಳಿಗೆ ಸಂತೋಷವಾಯಿತು. ಇಂಥ ಹೊತ್ತಿನಲ್ಲಿ ಆಗಬಾರದ, ನಾಚಿಕೆಗೆಟ್ಟ, ಮೈಯೆಲ್ಲ ತುಂಬುವ ಸಂತೋಷ. ಮುಖ ಬಿಡಿಸಿಕೊಳ್ಳಬೇಕು, ಇದು ನನಗೆ ಸಲ್ಲುವುದಲ್ಲ ಎನ್ನಬೇಕು ಎಂದುಕೊಳ್ಳುತ್ತಲೇ ಅತ್ತೆಯ ಭುಜದಾಚೆ ಕಣ್ಣು ಹಾಯಿಸಿದಳು. ಚಿಕ್ಕವಳು ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡುವುದು ಮರೆತು ನಿಂತಿದ್ದಳು. ಅತ್ತೆಯ ಕೈಗಳನ್ನೇ ನೋಡುತ್ತಿದ್ದಳು. ತುಟಿ ಬಿಗಿದಿತ್ತು, ಕೆನ್ನೆ ಒಳಗೆ ಸೆಳೆದುಕೊಂಡಿತ್ತು, ಕಣ್ಣು ಬೇರೆ ಕಡೆ ತಿರುಗಬೇಕೆಂದರೂ ತಿರುಗಲಾರದೆ ಅಲ್ಲೇ ನೆಟ್ಟಿತ್ತು. ಪದವಿ ಕೊಡುವಾಗ ಇದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಮುಖ ದೊಡ್ಡವಳಿಗೆ ಹೊಸದಲ್ಲ, ಒಳಗಿನಿಂದ ಅದರ ಒಂದೊಂದು ನರವೂ ಗೊತ್ತು. ಅದು ಎಲ್ಲಿ ಹೇಗೆ ಉರಿಯುತ್ತದೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

“ಬಿಡಿ ಅತ್ತೆ, ಸುಸ್ತಾಗಿದೆ” ಎಂದರೆ ಅತ್ತೆ ಬಿಡುತ್ತಿದ್ದರು. ದೊಡ್ಡವಳು ಹಾಗೆನ್ನಲಿಲ್ಲ. ಚಿಕ್ಕವಳನ್ನೇ ನೋಡುತ್ತಾ, ಅತ್ತೆಯ ಕೈಗಳಲ್ಲಿ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ನಿಂತಳು.